ಸಿ ತಿಜಾನಿಯ ಟೈಗೆ ಬಿದ್ದ ಸೀಸದ ಮುದ್ರೆ

ಕೈರ್ವಾನ್ ಪಟ್ಟಣದ ಗಂಬಳಿ ಮುದ್ರೆ ಕಚೇರಿಯಲ್ಲಿ, ರಾಜಧಾನಿಯ ಜವಳಿ-ಕರಕುಶಲ ಸಚಿವಾಲಯದಿಂದ ಬಂದ ಸಾಹೇಬರ ಕಣ್ಣೆದುರೇ, ಅಲ್ಲಿನ ಪರೀಕ್ಷಕ ಸಿ ತಿಜಾನಿ ರತ್ನಗಂಬಳಿಗೆ ಇಕ್ಕಳದಿಂದ ಸೀಸದ ಮುದ್ರೆ ಒತ್ತುವಾಗ ತನ್ನ ಟೈಯನ್ನೂ ಸೇರಿಸಿ ಒತ್ತಿಬಿಟ್ಟ. ಇಕ್ಕಳ ಬಿಟ್ಟು ನೆಟ್ಟಗೆ ನಿಲ್ಲಹೋದರೆ ಗಂಬಳಿಯೂ ಜೊತೆಗೇ ಎದ್ದು ಬಂತು. ಗಂಬಳಿಯ ದರ್ಜೆ ಕಟ್ಟಲು ಇಪ್ಪತ್ತೆಂಟು ವರ್ಷ ಭೂತಗನ್ನಡಿ ಹಿಡಿದು ಊರ ಹೆಂಗಸರು ಹಾಕಿದ ಗಂಟುಗಳನ್ನು ಎಣಿಸಿದವನಿಗೆ ಕೊನೆಗೆ ಗಂಬಳಿಯೇ ಗಂಟುಬಿತ್ತು.

ಸಾಹೇಬರು ನಕ್ಕರು. ಸರತಿಯಲ್ಲಿದ್ದ ನೇಕಾರ ಹೆಂಗಸರಲ್ಲಿ ಒಬ್ಬಳೂ ನಗಲಿಲ್ಲ.

ಗಂಬಳಿ ನೇಯ್ದವಳು ಮುದುಕಿ ಮೊಂಜಿಯಾ. ಅಂದು ಬೆಳಿಗ್ಗೆಯಷ್ಟೇ ಅದನ್ನು ಮಗ್ಗದಿಂದ ಕತ್ತರಿಸಿ, ಸತ್ತವರಿಗೆ ಮಾಡುವ ಹಾಗೆ ನೀರು ಚಿಮುಕಿಸಿ, ಕಲಿಮಾ ಹೇಳಿ ತಂದಿದ್ದಳು. ಮಗ್ಗದ ಮೇಲಿರುವಷ್ಟು ದಿನ ಗಂಬಳಿಗೆ ಜೀವ. ಕತ್ತರಿ ಬಿತ್ತೋ, ಹೆಣ. ಅವಳೇ ಅಂಚಿನ ಐದು ಹತ್ತಿ ಎಳೆ ಕತ್ತರಿಸಿ ಅವನನ್ನು ಬಿಡಿಸಿದಳು. ಎಳೆಗಳೂ ಮುದ್ರೆಯೂ ಟೈಗೇ ಉಳಿದವು.

"ಸತ್ತದ್ದರ ಜೊತೆ ಕಟ್ಟಿಸ್ಕೊಂಡ್ಯಲ್ಲೋ," ಎಂದಳು. "ನಲವತ್ತು ದಿನದೊಳಗೆ ಬಿಚ್ಚಿಸ್ಕೋ. ಇಲ್ದಿದ್ರೆ ಎಳ್ಕೊಂಡು ಹೋಗತ್ತೆ."

"ಈಗ್ಲೇ ಕತ್ತರಿಸ್ ಹಾಕ್ತೀನಿ, ದೊಡ್ಡಮ್ಮಾ."

"ಕಟ್ಟಿದವರೇ ಬಿಚ್ಚಬೇಕು. ಮುದ್ರೆ ನಿಂದಾ, ಸಚಿವಾಲಯದ್ದಾ?"

ಸಚಿವಾಲಯದ್ದೇ. ತಾನೇ ಮುರಿದರೆ ಕೆಲಸಕ್ಕೂ ಸಂಚಕಾರ. ತಿಜಾನಿ ಕೊರಳ ಗಂಟನ್ನೂ ಬಿಚ್ಚದೆ ಟೈಯನ್ನು ಹಾಗೆಯೇ ಲಕೋಟೆಗೆ ತುರುಕಿ, 'ಮುದ್ರೆ ತೆಗೆಯಲು ಅಪ್ಪಣೆಯುಂಟೇ?' ಎಂದು ಬರೆದು ರಾಜಧಾನಿಗೆ ಕಳಿಸಿದ.

ಮೊದಲ ವಾರ ಅವನೇ ಅದನ್ನು ತಮಾಷೆಯಾಗಿ ಹೇಳಿಕೊಂಡು ತಿರುಗಿದ. ಎರಡನೆಯ ವಾರ ಮಕ್ರೂದ್ ಅಂಗಡಿಯವನು ಖರ್ಜೂರದ ಸಿಹಿ ಕಟ್ಟಿಕೊಟ್ಟು ಕಾಸು ಬೇಡವೆಂದ: "ಇರೋವಷ್ಟು ದಿನ ತಿನ್ನಿ, ಸಿ ತಿಜಾನಿ." ಇಪ್ಪತ್ತು ವರ್ಷದಿಂದ ಮಾತು ಬಿಟ್ಟಿದ್ದ ಭಾವಮೈದುನ ಮನೆಗೆ ಬಂದು ತಬ್ಬಿಕೊಂಡ. ಅದಕ್ಕಿಂತ ದೊಡ್ಡ ಅಪಶಕುನ ಬೇಕೇ? ಎರಡನೇ ದರ್ಜೆಯೆಂದು ಅವನು ತಳ್ಳಿದ್ದ ಗಂಬಳಿಗಳ ಒಡತಿಯರು ಒಬ್ಬೊಬ್ಬರಾಗಿ ಬಂದು, "ಕ್ಷಮಿಸಿದ್ದೀವಿ ಕಣಪ್ಪಾ" ಎಂದು ಹೋದರು. ಮೂವತ್ತನೆಯ ದಿನ ಚಹಾದ ಗಾಜಿನ ಲೋಟ ಕೈಯಲ್ಲೇ ಒಡೆಯಿತು. ಎದೆಯ ಮೇಲೆ, ಟೈ ತೂಗುತ್ತಿದ್ದ ಜಾಗದಲ್ಲೇ, ಸೀಸ ಇಟ್ಟಂಥ ಭಾರ.

"ರಾಜಧಾನಿಗೇ ಹೋಗಿ ಕೇಳ್ಬಾರ್ದಾ?" ಎಂದಳು ಹೆಂಡತಿ ದಲೀಲಾ.

"ಹೋದ್ರೆ ಹೊಸ ಅರ್ಜಿ ಅಂತಾರೆ ಕಣೆ. ಸರತಿ ಮತ್ತೆ ಮೊದಲಿಂದ."

 ಅವಳು ಆಳುದ್ದದ ಬಿಳಿಯ ಬಟ್ಟೆಯೊಂದನ್ನು ಒಗೆದು, ಮಡಚಿ, ಪೆಟ್ಟಿಗೆಯ ಮೇಲಿಟ್ಟಳು. ಅವನು ಅದನ್ನು ಪೆಟ್ಟಿಗೆಯೊಳಗೆ ತಳ್ಳಿ ಮುಚ್ಚಳ ಹಾಕಿದ.

ಮೂವತ್ತೊಂಬತ್ತನೆಯ ದಿನ ಲಕೋಟೆ ಬಂತು. ಅಂಚೆಯವನ ಹಿಂದೆಯೇ ಓಣಿಯೆಲ್ಲ ಬಾಗಿಲಿಗೆ ಬಂತು. ಮೊಂಜಿಯಾ ಲಕೋಟೆಯೊಳಗಿನ ಟೈಯನ್ನು ಕಿತ್ತುಕೊಂಡು ತಿರುವಿಮುರುವಿ ನೋಡಿದಳು. ಮುದ್ರೆ ಇರಲಿಲ್ಲ, ಐದು ಎಳೆಗಳೂ ಇರಲಿಲ್ಲ. ಮುದುಕಿ ನೆಮ್ಮದಿಯ ಉಸಿರು ಬಿಟ್ಟಳು.

"ಅವರೇ ಬಿಚ್ಚಿದ್ದಾರೆ. ಬದುಕ್ಕೊಂಡೆ ಹೋಗು. ಉತ್ತರ ಏನಂತೆ? ಓದೋ!"

ತಿಜಾನಿ ಕಾಗದ ಬಿಡಿಸಿ ಓದಿದ: "ಕಳಿಸಿದ ಗಂಬಳಿಯ ಮಾದರಿಯನ್ನು ಪರೀಕ್ಷಿಸಲಾಯಿತು. ಉಣ್ಣೆ: ಇಲ್ಲ. ಗಂಟು: ಒಂದು. ಮಾದರಿಯು ಅನರ್ಹವಾದ್ದರಿಂದ ಮುದ್ರೆಯನ್ನು ಕಿತ್ತು ಹಿಂಪಡೆಯಲಾಗಿದೆ. ಮುಂದಿನ ಸಲ ಇದಕ್ಕಿಂತ ಚೆನ್ನಾಗಿ ನೇಯ್ದು ತರತಕ್ಕದ್ದು."