ಪೋರ್ಚುಗಲ್ಲಿಗೆ ಇಟ್ಟ ಪ್ರಸ್ಥಾನ

ನಮ್ಮ ಯಜಮಾನರಿಗೆ ಗಾಲ್ಫ್ ಹುಚ್ಚು ಹಿಡಿದದ್ದು ಐವತ್ತು ದಾಟಿದ ಮೇಲೆ. ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟುಕೊಂಡವರಿಗೆ ಇದೆಲ್ಲಿಂದ ಬಂತು ಅಂತ ಕೇಳಬೇಡಿ, ನಾನೇ ಕೇಳಿ ಕೇಳಿ ಸೋತಿದ್ದೇನೆ. ಬೆಂಗಳೂರಿಂದ ಹಣ್ಣು ಕೊಳ್ಳಲು ಬರುವ ಗಿರಾಕಿಯೊಬ್ಬ ಒಂದು ಭಾನುವಾರ ಇವರನ್ನೂ ಪಕ್ಕದ ಮನೆ ಸಾಹೇಬರನ್ನೂ ಮಾಲೂರಿನ ಕಡೆಯ ಗಾಲ್ಫ್ ಮೈದಾನಕ್ಕೆ ಕರೆದುಕೊಂಡು ಹೋದ. ವ್ಯಾಪಾರ ಮಾತಾಡಲು ಹೋದವರು ಚೆಂಡಿನ ಮಾತಾಡುತ್ತಾ ವಾಪಸ್ ಬಂದರು.

ಸಾಹೇಬರದು ಮಾವು ತುಂಬುವ ಮರದ ಪೆಟ್ಟಿಗೆ ಮಾಡುವ ಮನೆತನ. ಇವರ ಹಣ್ಣು ಅವರ ಪೆಟ್ಟಿಗೆಯಲ್ಲೇ ಊರು ಬಿಡುತ್ತಿತ್ತು. ಮೊಳೆ ಹೊಡೆದು ಪಳಗಿದ ಕೈ ಅವರದು, ಹೊಡೆದ ಚೆಂಡು ನೋಡಿದ ಕಡೆಗೇ ಹೋಗುತ್ತಿತ್ತಂತೆ. ನಮ್ಮವರದು ನೀರು ಕಂಡರೆ ಸಾಕು, ನೆಟ್ಟಗೆ ಅದರೊಳಕ್ಕೇ. ಮರದಲ್ಲಿ ಕಾಯಿ ಇಲ್ಲದ ಕಾಲಕ್ಕೆ ರಾಯಲ್ಪಾಡಿನ ನಮ್ಮ ತೋಟದಲ್ಲಿ ಸಾಹೇಬರು ಇವರಿಗೆ ಪಾಠ ಮಾಡುತ್ತಿದ್ದರು. ಮರದ ಬುಡದ ಪಾತಿಯಲ್ಲಿ ಬಿಳಿ ಚೆಂಡು ಸಿಕ್ಕಾಗಲೆಲ್ಲ ಕೂಲಿ ಹೆಂಗಸರು, "ಅಕ್ಕಾ, ಈ ಚೆಟ್ಟು ಗುಡ್ಲು ಪೆಟ್ಟಿಂದಿ" ಅಂತ ನಗುತ್ತಾ ತಂದು ಕೊಡುತ್ತಿದ್ದರು. ಮರ ಮೊಟ್ಟೆ ಇಟ್ಟಿದೆಯಂತೆ! ನಾಚಿಕೆ ನನಗೆ, ಅವರಿಬ್ಬರಿಗೆ ಏನೂ ಇಲ್ಲ.

ಆಮೇಲೆ ಮೊಬೈಲಿನಲ್ಲಿ ಪೋರ್ಚುಗಲ್ ಸಿಕ್ಕಿತು. ಕೆಂಪು ಬಂಡೆ, ನೀಲಿ ಸಮುದ್ರ, ಸದಾ ಬಿಸಿಲು. ಅಲ್ಲೊಂದು ಮೈದಾನದಲ್ಲಿ ಈ ಬಂಡೆಯ ಮೇಲೆ ನಿಂತು ಹೊಡೆದರೆ ಚೆಂಡು ಸಮುದ್ರ ದಾಟಿ ಆ ಬಂಡೆಯ ಮೇಲೆ ಬೀಳಬೇಕು. ನಮ್ಮ ಜಗಲಿಯ ಮೇಲೆ ಕೂತು ಇಬ್ಬರೂ ಆ ವಿಡಿಯೋ ನೋಡಿದ್ದೇ ನೋಡಿದ್ದು. "ಬಿಸಿಲು ನೋಡೋಕೆ ಅಷ್ಟು ದೂರ ಹೋಗ್ಬೇಕಾ? ಮುಳಬಾಗಿಲಿಗೆ ಹೋಗಿ, ಬೇಕಾದಷ್ಟಿದೆ," ಅಂದೆ ನಾನು. "ಸಮುದ್ರ ಎಲ್ಲಿದೆ ಭಾಬಿ ಮುಳಬಾಗಿಲಲ್ಲಿ?" ಅಂತ ಸಾಹೇಬರು ನಕ್ಕರು. "ಒಂದೇ ಒಂದು ಸಲ ಅಣ್ಣನ ಚೆಂಡು ನೀರು ದಾಟ್ಬೇಕು. ನಾನು ಪಕ್ಕದಲ್ಲಿ ನಿಂತ್ಕೊಂಡು ದಾಟಿಸ್ತೀನಿ."

ಹೊರಡುವುದು ಯಾವಾಗ ಅನ್ನುವುದೇ ದೊಡ್ಡ ಪಂಚಾಯಿತಿ. ಮಾವು ಕೈಗೆ ಬರುವ ಕಾಲಕ್ಕೆ ಮಂಡಿ ಬಿಡುವಂತಿಲ್ಲ. ಆಷಾಢಕ್ಕೆ ಇವರು ಒಲ್ಲರು, ಪಿತೃಪಕ್ಷಕ್ಕೂ ಒಲ್ಲರು. ರಂಜಾನಿಗೆ ಸಾಹೇಬರು ಮನೆ ಬಿಡುವುದಿಲ್ಲ. ಹೀಗೇ ವರ್ಷಗಳು ಜಾರಿದವು. ಕಡೆಗೆ ದಸರಾ, ದೀಪಾವಳಿಯ ನಡುವೆ ಒಂದು ವಾರ ಸಿಕ್ಕಿತು. ವೀಸಾ ಬಂತು, ಟಿಕೆಟ್ಟೂ ಆಯಿತು. ಆಗ ಇವರು ಪಂಚಾಂಗ ತೆಗೆದರು. ವಿಮಾನ ಶುಕ್ರವಾರ, ಪೋರ್ಚುಗಲ್ ಪಶ್ಚಿಮಕ್ಕೆ. ಶುಕ್ರವಾರ ಪಶ್ಚಿಮಕ್ಕೆ ವಾರಶೂಲ, ಆ ದಿಕ್ಕಿಗೆ ಹೊರಡಲೇಬಾರದು! ರಾಹುಕಾಲದಲ್ಲಿ ಲಾರಿ ಬಿಡದ ಮನುಷ್ಯ, ಸಮುದ್ರ ದಾಟುತ್ತಾರೆಯೇ?

ಅದಕ್ಕೆ ನಮ್ಮಲ್ಲಿ ಪ್ರಸ್ಥಾನ ಅಂತ ಒಂದು ದಾರಿ ಇದೆ. ಒಳ್ಳೆಯ ದಿನ, ಒಳ್ಳೆಯ ಗಳಿಗೆಯಲ್ಲಿ ಪ್ರಯಾಣದ ಗಂಟನ್ನು ಬೇರೆಯವರ ಮನೆಯಲ್ಲಿಟ್ಟು ಬಂದರೆ ಆಗಲೇ ಹೊರಟ ಲೆಕ್ಕ. ಆಮೇಲೆ ಯಾವಾಗ ಹೋದರೂ ದೋಷವಿಲ್ಲ. ಆದರೆ ಇಟ್ಟ ಗಂಟನ್ನು ಮನೆಗೆ ವಾಪಸ್ ತರಬಾರದು. ತಂದರೆ ಪ್ರಯಾಣ ನಿಂತಿತು ಅಂತಲೇ ಅರ್ಥ. ಬುಧವಾರ ಬೆಳಿಗ್ಗೆ ಇವರು ಗಾಲ್ಫ್ ಚೀಲ ಹೆಗಲಿಗೇರಿಸಿಕೊಂಡು ಸಾಹೇಬರ ಮನೆಗೆ ಹೊರಟರು. ಹಿಡಿಯಲು ಹೋದರೆ, "ಮುಟ್ಬೇಡ ಕಣೆ, ಹೂವಿನಷ್ಟು ಹಗುರ" ಅಂದರು. ಸಾಹೇಬರಿಗೆ ಅದೇನು ಕಂಡಿತೋ. "ನಿಮ್ದು ನಮ್ಮನೇಲಿದ್ರೆ ನಮ್ದು ನಿಮ್ಮನೇಲಿರ್ಲಿ ಅಣ್ಣಾ, ಜೊತೇಲೇ ಹೊರಟಂಗಾಗ್ತದೆ" ಅಂತ ತಮ್ಮ ಚೀಲವನ್ನು ತಂದು ನಮ್ಮ ನಡುಮನೆಯಲ್ಲಿ ನಿಲ್ಲಿಸಿ ಹೋದರು.

ಗುರುವಾರ ಬೆಳಿಗ್ಗೆ ಸಾಹೇಬರಿಗೆ ಲಕ್ವ ಹೊಡೆಯಿತು. ಹಲ್ಲುಜ್ಜಲು ಹೋದವರು ಬಚ್ಚಲಲ್ಲೇ ಬಿದ್ದರು. ಕೋಲಾರದ ಆಸ್ಪತ್ರೆಗೆ ಸೇರಿಸಿದೆವು. ಜೀವ ಉಳಿಯಿತು, ಮಾತು ತೊದಲಾಗಿ ಉಳಿಯಿತು. ಬಲಗೈ, ಬಲಗಾಲು ಮಾತ್ರ ಏಳಲಿಲ್ಲ. ಡಾಕ್ಟರು "ನೋಡೋಣ" ಅಂದರು. ಆ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ನೋಡುವುದು ಬಿಟ್ಟು ನಮಗೆ ಬೇರೇನು ಗತಿ ಇತ್ತು?

ಇವರು ಟಿಕೆಟ್ ಮುಂದಕ್ಕೆ ಹಾಕಿಸಿದರು. ಸಾಹೇಬರು ಮನೆಗೆ ಬಂದ ಮೇಲೆ ದಿನಾ ಹೋಗಿ ಅವರ ಮಂಚದ ಪಕ್ಕ ಕೂರುವರು. ಮರಗಟ್ಟಿದ ಬೆರಳುಗಳಿಗೆ ಗಾಲ್ಫ್ ಚೆಂಡು ಹಿಡಿಸುವರು, ಅದು ಉರುಳಿ ಬೀಳುವುದು, ಮತ್ತೆ ಹಿಡಿಸುವರು. "ಸಂಕ್ರಾಂತಿ ಹೊತ್ತಿಗೆ ಎದ್ದೇಳ್ತಾರೆ ಬಿಡು," ಅನ್ನುವರು ನನಗೆ. ಪ್ರಸ್ಥಾನಕ್ಕೂ ಇಷ್ಟೇ ದಿನ ಅಂತ ಗಡುವಿದೆ. ಇವರು ಪಂಚಾಂಗದ ಆ ಪುಟ ಮಾತ್ರ ತೆರೆಯಲಿಲ್ಲ. ಸಾಹೇಬರ ಚೀಲ ನಮ್ಮ ನಡುಮನೆಯಲ್ಲೇ ನಿಂತಿತ್ತು. ಕಸ ಗುಡಿಸುವಾಗ ಸುತ್ತ ಗುಡಿಸುತ್ತಿದ್ದೆನೇ ಹೊರತು ಅದನ್ನು ಸರಿಸಲು ನನಗೆ ಧೈರ್ಯ ಬರಲಿಲ್ಲ.

ಒಂದು ಬೆಳಿಗ್ಗೆ ಸಾಹೇಬರ ಹೆಂಡತಿ ಬಂದು ಬಾಗಿಲಲ್ಲೇ ನಿಂತರು. ನಾನು ಅವರನ್ನು ಆಪಾ ಅನ್ನುತ್ತೇನೆ.

"ಬ್ಯಾಗ್ ವಾಪಸ್ ತರಿಸು ಅಂತಿದಾರೆ," ಅಂದರು.

"ಯಾಕಂತೆ ಆಪಾ?"

"ಅಣ್ಣನಿಗೆ ಗೊತ್ತಾಗ್ತದೆ ಅಂದ್ರು."

ನನಗೂ ಗೊತ್ತಾಯಿತು. ಇಷ್ಟು ವರ್ಷ ಗೋಡೆಗೆ ಗೋಡೆ ತಾಗಿಸಿಕೊಂಡು ಬದುಕಿದವರಿಗೆ ನಮ್ಮ ಶಾಸ್ತ್ರ ನಮ್ಮಷ್ಟೇ ಗೊತ್ತು. ತಮ್ಮ ಪ್ರಯಾಣವನ್ನು ತಾವೇ ನಿಲ್ಲಿಸುತ್ತಿದ್ದರು, ಇವರದಾದರೂ ಸಾಗಲಿ ಅಂತ. ಕೊಡುವುದಿಲ್ಲ ಅನ್ನಲು ಬಾಯಿ ಬರಲಿಲ್ಲ, ಕೊಡಲು ಕೈಯೂ ಬರಲಿಲ್ಲ. ಕೊನೆಗೆ ನಾನೂ ಆಪಾನೂ ಒಂದೊಂದು ಕಡೆ ಹಿಡಿದು ಹೊತ್ತುಕೊಂಡು ಹೋದೆವು.

ಇವರು ಆಗಲೇ ಅಲ್ಲಿ ಮಂಚದ ಪಕ್ಕ ಕೂತಿದ್ದರು. ನಮ್ಮ ಕೈಯಲ್ಲಿದ್ದುದನ್ನು ನೋಡಿ ಮುಖ ಬಿಳಿಚಿಕೊಂಡಿತು. ಸಾಹೇಬರು ಎಡಗೈಯಿಂದ ತಮ್ಮ ಚೀಲ ಸವರಿ, ತೊದಲುತ್ತಾ, "ನನ್ದು ಬಂತು ಅಣ್ಣಾ. ನಿಮ್ದು ಇಲ್ಲೇ ಇದೆ. ನೀವು ಹೋಗಿ ಬನ್ನಿ," ಅಂದರು.

ಇವರು ಎದ್ದರು. ಮೂಲೆಯಲ್ಲಿದ್ದ ತಮ್ಮ ಚೀಲ ಹೆಗಲಿಗೇರಿಸಿಕೊಂಡು ಹೊರಗೆ ನಡೆದರು. ಸಾಹೇಬರು ಹಿಂದಿನಿಂದ "ಅಣ್ಣಾ, ಬೇಡ" ಅಂದರು. ಇವರು ತಿರುಗಲಿಲ್ಲ. ನಾನು ಹಿಂದೆಯೇ ಓಡಿ ಬಂದೆ. ನಮ್ಮ ಹೊಸಿಲ ಮುಂದೆ ನಿಂತುಬಿಟ್ಟಿದ್ದರು.

"ಭಾರ ಇದೆ ಕಣೆ," ಅಂದರು. "ಸ್ವಲ್ಪ ಹಿಡ್ಕೋ."

ನಾನು ಹಿಡಿದುಕೊಂಡೆ. ಇಬ್ಬರೂ ಒಳಗೆ ಬಂದೆವು.