ಹತ್ತನೆಯ ಹೆಸರು

ವಿಶ್ವವಿದ್ಯಾಲಯದ ಗೋಡೆಗೆ ಆ ವರ್ಷದ ಕೋರ್ಸುಗಳ ಪಟ್ಟಿ ಅಂಟಿಸಿದ ದಿನವೇ ಅದನ್ನು ಡೈರಿಗೆ ಇಳಿಸಿಕೊಂಡಿದ್ದೆ. ಪಶುಪಾಲನೆಯಿಂದ ಕಂಪ್ಯೂಟರಿನವರೆಗೆ ಎಲ್ಲವೂ ಇದ್ದವು. ನಾನು ಗೆರೆ ಎಳೆದದ್ದು ಕೊನೆಯ ಸಾಲಿನ ಕೆಳಗೆ: ಹಳೆಯ ದಾಖಲೆಗಳ ಓದು, ಒಂದು ವರ್ಷದ ಡಿಪ್ಲೊಮಾ. ಮೋಡಿ ಎಂಬ ಹಳೆಯ ಮರಾಠಿ ಲಿಪಿ, ಜೊತೆಗೆ ನಿಜಾಮರ ಕಾಲದ ಉರ್ದು. ನಮ್ಮ ಕಡೆ ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿ ಇಂಥ ಹೊಲದ ಕಾಗದಗಳಿವೆ, ಓದುವವರಿಲ್ಲ. ಮುಂದೆ ಅದರಲ್ಲೇ ಸಂಶೋಧನೆ ಮಾಡಬೇಕೆಂದು ಎಂ.ಎ. ಮುಗಿಯುವ ಮೊದಲೇ ನಿಶ್ಚಯಿಸಿದ್ದೆ.

ಹತ್ತು ಜನ ಸೇರದಿದ್ದರೆ ಕೋರ್ಸು ನಡೆಯುವುದಿಲ್ಲ ಎಂದರು ವಿಭಾಗದ ಮೇಡಂ. "ಊರೂರಿಗೆ ಹೋಗಿ ಹೇಳ್ರಿ. ಇದೂ ವಿಸ್ತರಣಾ ಕೆಲಸಾನೇ." ನಾನೂ ಭಾಲ್ಕಿಯ ಗೆಳತಿಯೂ ಹೊರಟೆವು. ಎಂ.ಎ.ಯ ಎರಡೂ ವರ್ಷ ಒಂದೇ ಬೆಂಚಿನಲ್ಲಿ ಕೂತವರು ನಾವು. ಈ ಕೋರ್ಸಿಗೆ ತಾನೂ ಸೇರುತ್ತೇನೆಂದು ಕೇಳದೆಯೇ ಹೇಳಿದ್ದಳು.

ಭಾಲ್ಕಿಯಲ್ಲಿ ನಾಲ್ವರು ಸಿಕ್ಕರು. ನನ್ನ ಊರು ಔರಾದದಲ್ಲಿ ಒಬ್ಬ ಅಂಗಡಿಯವರು ನಕ್ಕರು: "ಹೊಸ ಕಾಗದಾನೇ ಓದೋರಿಲ್ಲ. ಹಳೇದು ಓದಿ ಯಾರ ಮ್ಯಾಲ ಕೇಸ್ ಹಾಕ್ತಿ?"

"ಮೊದಲ ನಿಮ್ಮ ಮ್ಯಾಲೇ ರಿ ಕಾಕಾ," ಎಂದಳು ಗೆಳತಿ. ಒಳಗಿಂದ ಅವರ ಮಗಳು ನಗುತ್ತ ಬಂದು ಹೆಸರು ಕೊಟ್ಟಳು. ಅಲ್ಲಿ ಮೂವರಾದರು.

ಬುಧವಾರ ಸಂತಪುರಕ್ಕೆ ಹೋದೆವು. ಮದುವೆಗೆ ಮೊದಲೇ ಪದವಿ ಮುಗಿಸಿದ್ದ ಸೊಸೆಯೊಬ್ಬಳು ಅಲ್ಲಿದ್ದಳು. ಅವಳಿಗೆ ಮನಸ್ಸಿತ್ತು, ಅತ್ತೆಗೆ ಇರಲಿಲ್ಲ. ದಿನವೂ ಬೀದರಿಗೆ ಒಬ್ಬಳೇ ಹೋಗಿ ಬರುವುದು ಅವರಿಗೆ ಬೇಡವಾಗಿತ್ತು. ನಾನು ಬೀದರಿನ ಹಾಸ್ಟೆಲಿನಲ್ಲಿರುವವಳು, ದಿನವೂ ಬಸ್ಸಿನಲ್ಲಿ ಜೊತೆಯಾಗಲಾರೆ. ಗೆಳತಿ ಅವರ ಪಕ್ಕದಲ್ಲೇ ನೆಲದ ಮೇಲೆ ಕೂತಳು.

"ಫಿಕರ್ ಮಾಡಬ್ಯಾಡ್ರಿ. ನಾನೂ ಅದೇ ಕ್ಲಾಸಿನಾಗ ಇರ್ತೇನಿ. ದಿನಾ ಸಂಜಿ ನಾನೇ ನಿಮ್ಮ ಸೊಸೀನ ಬಸ್ಸಿಗಿ ಹತ್ತಿಸ್ತೇನಿ."

ಅತ್ತೆ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ನಿನ್ನ ಮ್ಯಾಲ ಬಿಟ್ಟೇನಿ ನೋಡವ್ವ," ಎಂದರು.

ಆ ದಿನದ ಡೈರಿಯಲ್ಲಿ ಹೀಗಿದೆ: ಇಂದು ಅವಳು ನನಗಿಂತ ಚೆನ್ನಾಗಿ ಮಾತಾಡಿದಳು. ನಾನೂ ಸೇರಿ ಒಂಬತ್ತು, ಅವಳೊಂದಿಗೆ ಹತ್ತು.

ಶನಿವಾರ ಕೋರ್ಸಿಗೆ ಸೇರಲು ಕೊನೆಯ ದಿನ. ಮಧ್ಯಾಹ್ನದೊಳಗೆ ಒಂಬತ್ತು ಜನರ ಸಹಿ ಬಿದ್ದಿತ್ತು. ಗೆಳತಿ ಫೋನ್ ಎತ್ತಲಿಲ್ಲ. ಭಾಲ್ಕಿಯ ಬಸ್ಸು ತಡವಾಗಿರಬೇಕೆಂದು ಗೇಟಿನ ಕಡೆ ಹೊರಟೆ. ಎದುರಿನ ಕಂಪ್ಯೂಟರ್ ವಿಭಾಗದ ಮೆಟ್ಟಿಲಿಳಿದು ಅವಳು ಬರುತ್ತಿದ್ದಳು. ಕೊರಳಲ್ಲಿ ಆ ವಿಭಾಗದ ಕೆಂಪು ಪಟ್ಟಿಯ ಗುರುತಿನ ಚೀಟಿ.

"ಯಾವಾಗ ಸೇರಿದಿ?"

"ಸೋಮವಾರ." ಚೀಟಿಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು.

"ಮತ್ತ ಬುಧವಾರ ಸಂತಪುರಕ್ಕ ಯಾಕ ಬಂದಿ?"

"ಬರಲ್ಲ ಅಂದಿದ್ರ ನೀ ಕಾರಣ ಕೇಳ್ತಿದ್ದಿ. ಹ್ಯಾಂಗೂ ಹತ್ತು ಮಂದಿ ಆಗ್ತಾರ ಅಂದ್ಕೊಂಡೆ. ಆ ಡಿಪ್ಲೊಮಾಕ್ಕ ನೌಕರಿ ಸಿಗ್ತದೇನು, ನೀನೇ ಹೇಳು."

ಅವಳು ಬೇರೆ ಕೋರ್ಸು ಆರಿಸಿಕೊಂಡದ್ದಕ್ಕೆ ನನಗೆ ಕೋಪವಿಲ್ಲ. ಇದೇ ಪ್ರಶ್ನೆಯನ್ನು ಸೋಮವಾರ ಕೇಳಿದ್ದರೆ ಬಗದಲ ಊರಿಗಾದರೂ ಹೋಗಿ ಇನ್ನೊಬ್ಬರನ್ನು ಹುಡುಕುತ್ತಿದ್ದೆ. ಅವಳು ಕೇಳಲಿಲ್ಲ. ನನ್ನ ಪಕ್ಕದಲ್ಲೇ ಬಸ್ಸಿನಲ್ಲಿ ಕೂತು, ನನ್ನ ಡಬ್ಬಿಯ ರೊಟ್ಟಿ ತಿಂದು, ಆ ಅತ್ತೆಗೆ ಮಾತು ಕೊಟ್ಟು ಬಂದಳು.

ಮೇಡಂ ಐದು ಗಂಟೆಯವರೆಗೆ ಕಾದರು. "ಮುಂದಿನ ವರ್ಷ ನೋಡೋಣ್ರಿ," ಎಂದು ಪಟ್ಟಿಯನ್ನು ಮಡಚಿಟ್ಟರು.

ಸಂತಪುರದ ಸೊಸೆಯೂ ನಾನೂ ಔರಾದದ ಬಸ್ಸಿನಲ್ಲಿ ಜೊತೆಯಾಗಿಯೇ ಕೂತೆವು. ಅವಳ ತೊಡೆಯ ಮೇಲೆ ಹೊಸ ಚೀಲವಿತ್ತು.

"ನಮ್ಮತ್ತಿಗಿ ಏನ ಹೇಳ್ಲಿರಿ?"

ಗೆಳತಿ ಬೇರೆ ಕಡೆ ಸೇರಿದ್ದು ನನಗೂ ಇವತ್ತೇ ತಿಳಿದದ್ದು ಎಂದೆ.

"ನೀವಿಬ್ಬರೂ ಕೂಡೇ ಬಂದಿದ್ರಿ," ಎಂದಳು ಕಿಟಕಿಯ ಹೊರಗೆ ನೋಡುತ್ತ. "ಒಬ್ಬಾಕಿಗಿ ಗೊತ್ತಿತ್ತು, ಇನ್ನೊಬ್ಬಾಕಿಗಿ ಗೊತ್ತಿರಲಿಲ್ಲ ಅಂದ್ರ ನಮ್ಮತ್ತಿ ನಂಬ್ತಾರೇನ್ರಿ?"

"ನೀವು ನಂಬ್ತೀರೇನು?"

ಸಂತಪುರ ಬಂದಾಗ ಅವಳು ಚೀಲವನ್ನು ಹೆಗಲಿಗೆ ಹಾಕಿಕೊಂಡು ಎದ್ದಳು. ಅವಳ ಅತ್ತೆಗೆ ನಾನೇ ಹೇಳಬೇಕೆಂದು ನಾನೂ ಎದ್ದೆ.

"ನೀವು ಕೂಡ್ರಿ," ಎಂದಳು. "ನಿಮ್ಮೂರು ಇನ್ನೂ ಮುಂದ ಅದ ರಿ."