ಜಗಲಿಯ ಮೇಲೆ ಕೂತು ಹೂ ಕಟ್ಟಿದವಳು

ಕಳೆದ ಶುಕ್ರವಾರ ಹಾಸನದ ಮಾರ್ಕೆಟ್ಟಿನಲ್ಲಿ ಹೂವಿನ ಅಂಗಡಿಯ ಮುಂದೆ ನಿಂತಿದ್ದೆ. ಮಲ್ಲಿಗೆ, ಕನಕಾಂಬರ, ಸೇವಂತಿಗೆ ರಾಶಿ ಬಿದ್ದಿದ್ದವು. ಅಷ್ಟು ಹೂವಿನ ನಡುವೆ ನನ್ನ ಮೂಗಿಗೆ ಬಡಿದದ್ದು ಸಾಸಿವೆ ಎಣ್ಣೆಯ ವಾಸನೆ. ಕೆಳಗೆ ಗೋಣಿಚೀಲ ಹಾಸಿಕೊಂಡು ಹೂ ಕಟ್ಟುತ್ತಿದ್ದವನ ತಲೆಯಿಂದ ಬರುತ್ತಿತ್ತು. ಬಿಹಾರದ ಕಡೆಯವನಂತೆ. ನಮ್ಮ ಕಡೆ ಸಾಸಿವೆ ಒಗ್ಗರಣೆಗೆ ಮಾತ್ರ. ಅದರ ಎಣ್ಣೆಯನ್ನು ಯಾರೂ ತಲೆಗೆ ಹಚ್ಚುವುದಿಲ್ಲ. ಆ ವಾಸನೆಯ ಗುರುತು ನನಗೆ ಹತ್ತಿದ್ದು ಒಬ್ಬಳಿಂದಲೇ. ಹೊಳೆನರಸೀಪುರದಲ್ಲಿ ನನ್ನ ಮನೆಯ ಪಕ್ಕದ ವಠಾರದ ಹಿಂದಿನ ಕೋಣೆಯಲ್ಲಿದ್ದ ನೇಪಾಳದ ಹೆಂಗಸು ಅವಳು…

ಆಗ ನಾನು ಆಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್. ನಿವೃತ್ತಿ ಹತ್ತಿರವಿತ್ತು. ಬೆಳಿಗ್ಗೆ ಹಾಸಿಗೆಗಳ ಹೊದಿಕೆ ಸರಿಯಾಗಿ ಮಡಿಸಿರದಿದ್ದರೆ ನನಗೆ ಕಾಫಿ ಇಳಿಯುತ್ತಿರಲಿಲ್ಲ. ಅವಳನ್ನು ಮೊದಲು ನೋಡಿದ್ದೂ ವಾರ್ಡಿನಲ್ಲೇ. ಅರಕಲಗೂಡು ರಸ್ತೆಯ ಕಲ್ಲುಕೋರೆಯಲ್ಲಿ ಅವಳ ಗಂಡನ ಸೊಂಟದ ಮೇಲೆ ಬಂಡೆ ಉರುಳಿತ್ತು. ಕೋರೆಯವರು ಅವನನ್ನು ಆಸ್ಪತ್ರೆಯ ಗೇಟಿನ ಹತ್ತಿರ ಇಳಿಸಿ ಹೋದವರು ಮತ್ತೆ ಬರಲಿಲ್ಲ. ಬದುಕಿಕೊಂಡ, ಆದರೆ ಕಾಲುಗಳು ಏಳಲಿಲ್ಲ. ಅವಳು ಅವನ ಮಂಚದ ಕೆಳಗೆ ಮಲಗುತ್ತಿದ್ದಳು. ನಾನು ರೌಂಡ್ಸಿಗೆ ಬರುವ ಹೊತ್ತಿಗೆ ಎದ್ದು, ಅವನ ಮೈ ಒರೆಸಿ, ಚಾದರ ಕೊಡವಿ ನಿಂತಿರುತ್ತಿದ್ದಳು. ನಾನು ಯಾರನ್ನೂ ಸುಮ್ಮನೆ ಮೆಚ್ಚುವವಳಲ್ಲ. ಅವಳನ್ನು ಮೆಚ್ಚಿದೆ.

ಡಿಸ್ಚಾರ್ಜ್ ಆದ ಮೇಲೆ ವಠಾರದ ಕೋಣೆ ಕೊಡಿಸಿದವಳೂ ನಾನೇ. ಕಿಟಕಿಯಿಲ್ಲದ ಕೋಣೆ. ಅವನನ್ನು ಮಲಗಿಸಿದರೆ ನೆಲವೆಲ್ಲ ತುಂಬಿಹೋಗುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಒಂದು ಕೆಲಸ. ಸಿಕ್ಕರೆ ಇಲ್ಲಿ ಉಳಿದು, ಆಸ್ಪತ್ರೆಗೆ ಹತ್ತಿರವಿದ್ದು, ಅವನನ್ನು ನೋಡಿಕೊಳ್ಳಬಹುದು. ಸಿಗದಿದ್ದರೆ ಬೆಟ್ಟದ ಮೇಲಿನ ಊರಿಗೆ ವಾಪಸ್ಸು. ಅಲ್ಲಿ ಡಾಕ್ಟರ್ ಇರಲಿ, ರಸ್ತೆಯೇ ಇಲ್ಲ ಎಂದಿದ್ದಳು.

ಹಾಸನದ ಗಾರ್ಮೆಂಟ್ಸಿನವರು ಇಲ್ಲಿಯ ಗುರುತಿನ ಚೀಟಿ ಕೇಳಿ ವಾಪಸ್ಸು ಕಳಿಸಿದರು. ಹೋಟೆಲಿನವರು ಹೆಂಗಸರು ಬೇಡ ಎಂದರು. ಉಳಿದದ್ದು ಮನೆಗೆಲಸ. ನಾನೇ ನಾಲ್ಕಾರು ಮನೆಗೆ ಕರೆದುಕೊಂಡು ಹೋದೆ. ಎಲ್ಲ ಕಡೆಯೂ ಮೊದಲು ನೀರು ಕೊಟ್ಟರು, ಆಮೇಲೆ ನನ್ನನ್ನು ಮಾತ್ರ ಒಳಗೆ ಕರೆದು ಕೇಳಿದರು.

"ಯಾವ ಪೈಕಿ ಸಿಸ್ಟ್ರೇ?"

"ನೇಪಾಳದವರು."

"ಅದು ಮುಖ ನೋಡಿದ್ರೇ ಗೊತ್ತಾಗುತ್ತೆ. ಅಲ್ಲಿ ಯಾವ ಪೈಕಿ?"

ನನಗೆ ಗೊತ್ತಿರಲಿಲ್ಲ. ಅವಳನ್ನು ಕೇಳಿದೆ. ಅವಳೊಂದು ಹೆಸರು ಹೇಳಿದಳು. ಅದು ನಮ್ಮಲ್ಲಿ ಮೇಲಿನದೋ ಕೆಳಗಿನದೋ ಯಾರಿಗೂ ಅಂದಾಜು ಸಿಗಲಿಲ್ಲ. ಅಂದಾಜು ಸಿಗದ್ದನ್ನು ನಮ್ಮೂರಿನವರು ಕೆಳಗೇ ಇಡುತ್ತಾರೆ. ಒಬ್ಬರು ಅವಳನ್ನು ಸ್ವೆಟರ್ ಮಾರುವವರ ಪೈಕಿ ಅಂದರು. ಇನ್ನೊಬ್ಬರು ಅವಳ ಅಡುಗೆ ವಾಸನೆ ಬೀದಿಯ ಕೊನೆಗೂ ಬರುತ್ತದೆ, ನಮ್ಮ ಪಾತ್ರೆಗೂ ಹತ್ತುತ್ತದೆ ಅಂದರು. ಅವಳು ಹೊರಗೆ ನಿಂತು ಲೋಟದ ನೀರು ಕುಡಿದು, ಆ ಲೋಟ ತೊಳೆದು, ಬೋರಲು ಹಾಕಿ ಬರುತ್ತಿದ್ದಳು. ತೊಳೆಯಲು ಯಾರೂ ಹೇಳಿಕೊಟ್ಟಿರಲಿಲ್ಲ… ನೋಡಿ ಕಲಿತಿರಬೇಕು.

ಕೊನೆಗೆ ದೇವಸ್ಥಾನದ ಬೀದಿಯ ಹೂವಿನ ಅಂಗಡಿಯವನು ಒಪ್ಪಿದ. ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಬಿಡಿ ಹೂವು, ದಾರದ ಉಂಡೆ ಕೊಡುತ್ತಾನೆ; ಕಟ್ಟಿ ಸಂಜೆಗೆ ಮುಟ್ಟಿಸಬೇಕು. ಮೊಳದ ಲೆಕ್ಕದಲ್ಲಿ ಕೂಲಿ. ಊರಿನ ಅರ್ಧ ಮನೆಗಳಲ್ಲಿ ಹೆಂಗಸರು ಇದನ್ನು ಮಾಡುತ್ತಾರೆ. ಹೂ ಕಟ್ಟುವವಳು ಯಾವ ಪೈಕಿ ಎಂದು ಅವನು ಕೇಳಲಿಲ್ಲ. ಅವನಿಗೆ ಶ್ರಾವಣ ಹತ್ತಿರ ಬಂದಿತ್ತು, ಕೈಗಳು ಬೇಕಾಗಿದ್ದವು.

ಕಟ್ಟುವುದನ್ನು ನಾನೇ ಕಲಿಸಿದೆ. ಈ ಕಡೆ ಎರಡು, ಆ ಕಡೆ ಎರಡು, ಒಂದು ಸುತ್ತು, ಗಂಟು. ಮೊದಲು ಬೇವಿನ ಎಲೆಯಲ್ಲಿ ಕಟ್ಟಿಸಿದೆ, ಸಡಿಲವಿದ್ದದ್ದನ್ನು ಬಿಚ್ಚಿಸಿದೆ. ಒಂದು ವಾರದಲ್ಲಿ ಅವಳ ಕೈ ನನ್ನ ಕೈಯನ್ನು ದಾಟಿತು. ಕೋಣೆಯಲ್ಲಿ ಬೆಳಕಿಲ್ಲವೆಂದು ಬೀದಿಗೆ ಮುಖ ಮಾಡಿ ಜಗಲಿಯ ಮೇಲೆ ಕೂರುತ್ತಿದ್ದಳು. ಬಲಗಾಲು ಚಾಚಿ, ಹೆಬ್ಬೆರಳಿಗೆ ದಾರ ಸುತ್ತಿ ಬಿಗಿ ಮಾಡಿಕೊಳ್ಳುತ್ತಿದ್ದಳು. ಅವರ ಊರಿನಲ್ಲಿ ಹುಲ್ಲಿನ ಚಾಪೆ ಹೀಗೇ ಹೆಣೆಯುವುದಂತೆ. ನಡುನಡುವೆ ಒಳಗಿನಿಂದ ಗಂಡ ಏನೋ ಹೇಳುತ್ತಿದ್ದ, ಅವಳು ನಗುತ್ತಿದ್ದಳು. ಏನು ಎಂದು ಕೇಳಿದರೆ, "ದೀದಿ, ನನ್ನ ಹತ್ತಿರ ಹೂವಿನ ವಾಸನೆ ಬರ್ತದೆ, ಬೇರೆ ಯಾರನ್ನೋ ಮದುವೆ ಆಗಿದೀನಾ ಅಂತ ಕೇಳ್ತಾನೆ" ಅಂದಳು. ಅವಳು ನಗುವುದನ್ನು ನಾನು ನೋಡಿದ್ದು ಆ ಒಂದು ತಿಂಗಳು ಮಾತ್ರ.

ಶ್ರಾವಣದ ಮೊದಲ ಶನಿವಾರ ಎದುರುಮನೆಯ ಮೇಷ್ಟ್ರ ಹೆಂಡತಿ ದೇವರ ಪಟಕ್ಕೆ ಹಾಕಿದ್ದ ಹೂವನ್ನು ತೆಗೆದು ತಂದು, ಬೀದಿಯಲ್ಲಿ ಎಲ್ಲರೂ ನೋಡುವಂತೆ ಚರಂಡಿಗೆ ಹಾಕಿದರು. ಕಾಲಿನಲ್ಲಿ ಕಟ್ಟಿದ ಹೂವನ್ನು ದೇವರ ತಲೆಯ ಮೇಲೆ ಇಟ್ಟುಬಿಟ್ಟೆನಲ್ಲ ಎಂದು ಕಣ್ಣು ಒರೆಸಿಕೊಂಡರು. ಸಂಜೆಯೊಳಗೆ ಆ ಮಾತು ದೇವಸ್ಥಾನದ ಬೀದಿ ಮುಟ್ಟಿತು. ಅವಳಿಗೆ ಏನಾಗಿದೆ ಎಂದೇ ತಿಳಿಯಲಿಲ್ಲ. ನಾನು ಬಿಡಿಸಿ ಹೇಳಿದೆ. ಅವಳು ತನ್ನ ಕೈಗಳನ್ನು ನೋಡಿಕೊಂಡು, "ಕೈ ಎರಡೇ ಇದೆ ದೀದಿ. ದಾರ ಹಿಡಿಯೋದು ಯಾರು?" ಅಂದಳು.

ಅಂಗಡಿಯವನು ಮರುದಿನ ತಾನೇ ಬಂದ. ಜಗಲಿ ಹತ್ತದೆ ಬೀದಿಯಲ್ಲೇ ನಿಂತ. ನನ್ನ ಮುಖ ನೋಡಿ ಮಾತಾಡಿದ, ಅವಳ ಮುಖ ನೋಡಲಿಲ್ಲ.

"ತಪ್ಪು ತಿಳ್ಕಬ್ಯಾಡಿ ಸಿಸ್ಟ್ರೇ. ಎಲ್ಲಾರೂ ಕಾಲ್ಬೆರಳಿಗೇ ಸುತ್ಕೊಂಡು ಕಟ್ಟಾದು. ನಮ್ಮವ್ವನೂ ಅಂಗೇ ಕಟ್ತಾಳೆ. ಆದ್ರೆ ಬಾಗ್ಲಾಕ್ಕೊಂಡು ಕಟ್ತಾಳೆ."

"ಹಾಗಾದರೆ ಇವಳಿಗೂ ಬಾಗಿಲು ಹಾಕಿಕೊಂಡು ಕಟ್ಟು ಅಂತ ಹೇಳಿ."

"ಈಗಾಗ್ಲೇ ಕಂಡ್ಬುಟ್ಟವ್ರಲ್ಲ ಸಿಸ್ಟ್ರೇ. ಕಂಡ ಮೇಲೆ ನಾನೇನ್ ಮಾಡ್ಲಿ?"

ನಾನು ನೆಟ್ಟಗೆ ಎದುರುಮನೆಗೆ ಹೋದೆ. ಮೇಷ್ಟ್ರ ಹೆಂಡತಿ ಹಿತ್ತಲ ಕೋಣೆಯಲ್ಲಿ ಕೂತಿದ್ದರು. ಬುಟ್ಟಿಯ ತುಂಬ ಕಾಕಡ ಹೂವು. ದಾರ ಅವರ ಕಾಲಿನ ಹೆಬ್ಬೆರಳಿನಲ್ಲಿತ್ತು. ನನ್ನನ್ನು ಕಂಡು ಸೀರೆಯ ಅಂಚನ್ನು ಪಾದದ ಮೇಲೆ ಎಳೆದುಕೊಂಡರು. "ನಮ್ಮದು ಬಿಡಿ ಸಿಸ್ಟ್ರೇ, ನಾವು ಕಾಲು ತೊಳ್ಕೊಂಡು ಕೂತ್ಕೋತೀವಿ" ಎಂದರು. ವಾರ್ಡಿನಲ್ಲಿ ಎಂಥೆಂಥ ಗಾಯ ನೋಡಿದ್ದೇನೆ. ಆ ಹಿತ್ತಲಲ್ಲಿ ಮಾತ್ರ ನಿಲ್ಲಲಾಗದೆ ತಿರುಗಿ ಬಂದೆ.

ಪೈಕಿ ಕೇಳದೆ ಕೊಡುವ ಕೆಲಸ ಊರಿನಲ್ಲಿ ಇನ್ನೊಂದೇ ಉಳಿದಿತ್ತು. ಛತ್ರದಲ್ಲಿ ಎಂಜಲೆಲೆ ಎತ್ತುವುದು. ಅದಕ್ಕೆ ಕೇಳಿದ ದಿನವೇ ಕರೆದರು. ಒಂದು ಮದುವೆಯಲ್ಲಿ ನಾನು ಊಟ ಮುಗಿಸಿ ಏಳುವಾಗ ಸಾಲಿನ ಆ ತುದಿಯಿಂದ ಅವಳು ಎಲೆ ಮಡಿಸುತ್ತ ಬರುತ್ತಿದ್ದಳು. ನನ್ನ ಎಲೆಯನ್ನು ನಾನೇ ಎತ್ತಿದೆ. "ಬಿಡಿ ದೀದಿ, ಇದು ನನ್ನ ಕೆಲಸ" ಎಂದು ಕಿತ್ತುಕೊಂಡಳು. ದನಿಯಲ್ಲಿ ಮುನಿಸಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಮರುವರ್ಷದ ಆಷಾಢ ಬಂತು, ಮದುವೆ ನಿಂತವು, ಛತ್ರಕ್ಕೆ ಬೀಗ ಬಿತ್ತು. ಅಷ್ಟರಲ್ಲಿ ಅವನ ಬೆನ್ನಿನಲ್ಲಿ ಹಾಸಿಗೆ ಹುಣ್ಣು ಶುರುವಾಗಿತ್ತು. ಡ್ಯೂಟಿ ಮುಗಿಸಿ ಬಂದು ನಾನೇ ಡ್ರೆಸ್ಸಿಂಗ್ ಮಾಡುತ್ತಿದ್ದೆ. ಮುಲಾಮು ಹುಣ್ಣಿಗೆ ಹಚ್ಚಬಹುದು, ಅನ್ನದ ಬದಲಿಗೆ ಆಗುವುದಿಲ್ಲ. ಒಂದು ಬೆಳಿಗ್ಗೆ ಅವಳು ಬಂದು, ಚನ್ನರಾಯಪಟ್ಟಣದಿಂದ ಉತ್ತರಕ್ಕೆ ತೆಂಗಿನಕಾಯಿ ಹೊರುವ ಲಾರಿಯವನೊಬ್ಬ ಒಪ್ಪಿದ್ದಾನೆ ಎಂದಳು. ಕಾಯಿಯ ಮೇಲೆ ಹುಲ್ಲು ಹಾಸಿ ಅವನನ್ನು ಮಲಗಿಸಿಕೊಂಡು ಹೋಗುವುದಂತೆ. ನಾನು ಬೇಡ ಅನ್ನಲಿಲ್ಲ. ಬೇಡ ಎಂದು ಹೇಳಲು ನನ್ನ ಊರು ನನಗೆ ಏನನ್ನೂ ಉಳಿಸಿರಲಿಲ್ಲ.

ಹೊರಡುವಾಗ ದಾರದ ಉಂಡೆಯೊಂದನ್ನು ನನ್ನ ಕೈಗಿಟ್ಟಳು. ಅಂಗಡಿಯವನದ್ದು, ಅವನು ಅವತ್ತು ಕೇಳುವುದನ್ನು ಮರೆತ, ಕೊಟ್ಟುಬಿಡಿ ಎಂದಳು. ಕೊಟ್ಟೆ. ಅವನು ಅದನ್ನು ಮೂಸಿ ನೋಡಿ, ಸಾಸಿವೆ ಎಣ್ಣೆ ವಾಸನೆ ಎಂದು ಬದಿಗಿಟ್ಟ.

ಆಮೇಲೆ ಸುದ್ದಿಯಿಲ್ಲ. ಅವನು ಆ ದಾರಿಯನ್ನು ತಡೆದುಕೊಂಡನೋ ಇಲ್ಲವೋ… ಆ ಹುಣ್ಣನ್ನು ನೋಡಿದ್ದವಳು ನಾನು. ನನಗೆ ಉತ್ತರ ಗೊತ್ತು. ಅವಳದ್ದು ಮಾತ್ರ ಗೊತ್ತಿಲ್ಲ.

ಈಗ ನಮ್ಮ ಕಡೆಯ ಹೋಟೆಲುಗಳಲ್ಲಿ, ಛತ್ರದ ಅಡುಗೆಮನೆಯಲ್ಲಿ ಎಲ್ಲೆಲ್ಲಿಂದಲೋ ಬಂದವರೇ ಇದ್ದಾರೆ. ಯಾರೂ ಪೈಕಿ ಕೇಳುವುದಿಲ್ಲ. ಊರಿನವರ ಮನಸ್ಸು ದೊಡ್ಡದಾಯಿತು ಎಂದು ನನ್ನ ಮುಂದೆ ಯಾರೂ ಹೇಳಬೇಡಿ. ಕೆಲಸಕ್ಕೆ ಜನ ಸಿಗುತ್ತಿಲ್ಲ, ಅಷ್ಟೇ.

ಶುಕ್ರವಾರ ಆ ಬಿಹಾರದವನು ಫುಟ್‌ಪಾತಿನ ಮೇಲೆ, ಹಾಡುಹಗಲಿನಲ್ಲಿ, ಕಾಲು ಚಾಚಿ ಕೂತಿದ್ದ. ದಾರ ಹೆಬ್ಬೆರಳಿನಲ್ಲಿತ್ತು. ಪಟ್ಟೆ ಸೀರೆಯ ಹೆಂಗಸೊಬ್ಬರು ಅವನ ಕಾಲನ್ನೇ ನೋಡುತ್ತ, "ಬೇಗ ಕಟ್ಟಪ್ಪ, ಪೂಜೆಗೆ ಹೊತ್ತಾಯ್ತು" ಎಂದರು.

ನಾನೂ ಎರಡು ಮೊಳ ಕೊಂಡೆ. ಮನೆಗೆ ಬಂದು ದೇವರಿಗೆ ಹಾಕಿದೆ. ದೇವರು ಏನೂ ಅನ್ನಲಿಲ್ಲ. ಆಗಲೂ ಅಂದಿರಲಿಲ್ಲ.